ಹಾರ್ಮೋನಿಯಂ ಬಲ್ಲವರು ಆರ್ವೊ ಪ್ಯಾರ್ಟ್ ಅವರ ಸ್ವರಲಿಪಿಯನ್ನು ಓದುವ ಬಗೆ

ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಹಾರ್ಮೋನಿಯಂ ನುಡಿಸಿ ಅಭ್ಯಾಸವಿದ್ದು, ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿಯನ್ನು ತಡವರಿಸುತ್ತಲಾದರೂ ಓದಬಲ್ಲವರು ಎಸ್ಟೋನಿಯಾದ ಸಂಗೀತ ರಚನಕಾರ ಆರ್ವೊ ಪ್ಯಾರ್ಟ್ ಅವರ ಕೃತಿಗಳನ್ನು ಕಲಿಯುವುದಾದರೆ, 1976ರ ಪಿಯಾನೊ ಕೃತಿ ‘ಫ್ಯೂರ್ ಅಲೀನಾ’ದಿಂದ ಆರಂಭಿಸುವುದು ಸೂಕ್ತ. ಅದರ ಲಿಪಿ ಎರಡೇ ಪುಟಗಳಷ್ಟಿದೆ, ಬಾರ್‌ಗಳು (ಲಂಬಗೆರೆಗಳ ನಡುವಣ ಖಂಡಗಳು) ಹದಿನೈದು. ಪ್ಯಾರ್ಟ್ ಅವರು ತಾವು ‘ಟಿಂಟಿನಾಬುಲಿ’ ಎಂದು ಕರೆದ ಶೈಲಿಯನ್ನು, ಅಂದರೆ ಕಿರುಗಂಟೆಗಳ ನಾದವನ್ನು ನೆನಪಿಸುವ ಶೈಲಿಯನ್ನು, ಮೊದಲು ತೋರಿಸಿಕೊಟ್ಟದ್ದು ಇದರಲ್ಲಿಯೇ.

ಮೊದಲು ಲಿಪಿಯನ್ನು ಪಡೆಯುವ ಮಾತು. ಅಂತರ್ಜಾಲದಲ್ಲಿ ಸಿಗುವ ಉಚಿತ ಪ್ರತಿಗಳನ್ನು ನೆಚ್ಚಬೇಡಿ. ಕೃತಿಸ್ವಾಮ್ಯ ನಮ್ಮ ದೇಶದ ಕಾನೂನಿನಲ್ಲಿ ರಚನಕಾರರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಈ ಕೃತಿಯ ಪ್ರಕಾಶಕ. ಮುದ್ರಿತ ಪ್ರತಿ ತರಿಸಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ಏಕೆಂದರೆ ಕರಾವಳಿಯ ತೇವಕ್ಕೆ ಹಾಳೆ ಮೆತ್ತಗಾಗಿ ಸ್ಟ್ಯಾಂಡಿನ ಮೇಲೆ ನಿಲ್ಲದೆ ಬಾಗುತ್ತದೆ.

ಲಿಪಿಯನ್ನು ತೆರೆದೊಡನೆ ತಾಳದ ಗುರುತು ಕಾಣದೆ ಗಾಬರಿಯಾಗುವುದು ಸಹಜ. ಇಲ್ಲಿ ಮಾತ್ರೆಗಳ ಎಣಿಕೆಯಿಲ್ಲ: ಕಪ್ಪು ತಲೆಯ ಸ್ವರ ಚಿಕ್ಕದು, ಬಿಳಿ ತಲೆಯದು ದೀರ್ಘ, ಅಷ್ಟೆ. ಆರಂಭದಲ್ಲಿ ಅತಿ ತಗ್ಗಿನ ‘ಬಿ’ ಸ್ವರವನ್ನು ನುಡಿಸಿ, ನಾದವನ್ನು ಮೊಳಗುತ್ತಲೇ ಇರಿಸುವ ಪೆಡಲನ್ನು ಕಾಲಿನಿಂದ ಒತ್ತಿ ಹಿಡಿದು, ಅದರ ಅನುರಣನದ ಮೇಲೆಯೇ ಮುಂದುವರಿಯಬೇಕು. 61 ಕೀಲಿಗಳ ಕೀಬೋರ್ಡಿನ ಕೆಳತುದಿ ‘ಸಿ’ಯಲ್ಲೇ ಮುಗಿಯುವುದರಿಂದ ಆ ‘ಬಿ’ ಅದರಲ್ಲಿ ಸಿಗುವುದಿಲ್ಲ. ಪೆಡಲ್ ಜೋಡಿಸಬಹುದಾದ 88 ಕೀಲಿಗಳ ವಾದ್ಯವೇ ಬೇಕು. ಮುಂದೆ ಬಾರಿನಿಂದ ಬಾರಿಗೆ ಒಂದೊಂದು ಸ್ವರ ಕೂಡುತ್ತ ಎಂಟರವರೆಗೆ ಏರಿ, ಬಳಿಕ ಅದೇ ರೀತಿ ಇಳಿಯುತ್ತದೆ.

ಇನ್ನು ಇದರ ಜೀವಾಳಕ್ಕೆ ಬರೋಣ. ‘ಬಿ’ಯನ್ನು, ಅಂದರೆ ಬಿಳಿ ಏಳನ್ನು, ಷಡ್ಜವೆಂದಿಟ್ಟುಕೊಂಡರೆ ಬಲಗೈ ಆಸಾವರಿ ಥಾಟಿನ (ಗ, ಧ, ನಿ ಕೋಮಲವಾಗಿರುವ ಹಿಂದುಸ್ತಾನಿ ಸ್ವರಶ್ರೇಣಿಯ) ಸ್ವರಗಳಲ್ಲಿ ಸಂಚರಿಸುತ್ತದೆ, ಎಡಗೈಗೆ ಇರುವುದು ಸಾ, ಕೋಮಲ ಗ, ಪ ಎಂಬ ಮೂರೇ ಸ್ವರಗಳು. ಬಲಗೈಯ ಪ್ರತಿ ಸ್ವರದ ಕೆಳಗೆ ಈ ಮೂರರಲ್ಲಿ ಅತಿ ಸಮೀಪದ್ದನ್ನು ಎಡಗೈ ನುಡಿಸುತ್ತದೆ: ರಿ ಬಂದರೆ ಸಾ, ಗ ಬಂದರೂ ಸಾ, ಮ ಮತ್ತು ಪಕ್ಕೆ ಗ, ಧ, ನಿ ಮತ್ತು ಮೇಲಿನ ಸಾಗೆ ಪ. ತಂಬೂರಿಯ ಶ್ರುತಿಯೊಂದು ಗಾಯಕನ ಬೆನ್ನಿಗೆ ಅಂಟಿಕೊಂಡು ನಡೆದಂತೆ ಇದು ನನಗೆ ಕೇಳಿಸುತ್ತದೆ, ಆದರೆ ತಂಬೂರಿ ಹೀಗೆ ಸ್ಥಾನ ಬದಲಿಸುವುದಿಲ್ಲ. ಮೊದಲು ಬಲಗೈಯನ್ನು ಹಾಡಿ ನೋಡಿ, ಎಡಗೈಯ ಸ್ವರವನ್ನು ಲಿಪಿ ನೋಡದೆ ನೀವೇ ಲೆಕ್ಕಹಾಕಿ, ಅನಂತರ ಹಾಳೆಯೊಂದಿಗೆ ಹೋಲಿಸಿ. ಹನ್ನೊಂದನೆಯ ಬಾರಿನಲ್ಲಿ ಒಂದೇ ಒಂದು ಸಲ ನಿಮ್ಮ ಲೆಕ್ಕ ತಪ್ಪುತ್ತದೆ. ಅದು ಮುದ್ರಣದೋಷವಲ್ಲ: ಅಲ್ಲಿ ಎಡಗೈಗೆ ರಿಷಭ ಬರುತ್ತದೆ, ಆ ಸ್ಥಾನವನ್ನು ಪ್ಯಾರ್ಟ್ ಅವರು ಹೂವೊಂದನ್ನು ಬಿಡಿಸಿ ಗುರುತಿಸಿದ್ದಾರೆ.

ಇದು ಕೈಗೆ ಹತ್ತಿದ ಮೇಲೆ, ಪಿಟೀಲು ನುಡಿಸುವ ಜೊತೆಗಾರರಿದ್ದರೆ 1978ರ ‘ಸ್ಪೀಗಲ್ ಇಮ್ ಸ್ಪೀಗಲ್’ ಅನ್ನು ಎತ್ತಿಕೊಳ್ಳಬಹುದು. ಅಲ್ಲಿ ‘ಎಫ್’ ಷಡ್ಜ, ಎಲ್ಲ ಸ್ವರಗಳೂ ಶುದ್ಧವಾಗಿರುವ ಬಿಲಾವಲ್ ಥಾಟು. ಪಿಟೀಲಿನ ಪ್ರತಿ ಸಾಲೂ ಶುದ್ಧ ಗಾಂಧಾರವನ್ನೇ ಕೇಂದ್ರವಾಗಿಟ್ಟುಕೊಂಡು, ಸಲಕ್ಕೊಂದು ಸ್ವರದಷ್ಟು ಉದ್ದವಾಗುತ್ತ ಹೋಗುತ್ತದೆ. ವಾದ್ಯಗಾರರಿಬ್ಬರೂ ಸ್ವರವನ್ನು ಅಲುಗಿಸುವ ಗಮಕ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್‌ಗಳನ್ನು ಪೂರ್ತಿಯಾಗಿ ಬದಿಗಿಡಬೇಕು; ನಮ್ಮ ಕಡೆಯ ಕೈಗಳಿಗೆ ಇದೇ ಅತ್ಯಂತ ಕಷ್ಟದ ಪಾಠ.