ಸ್ಕ್ರೀನ್ ರೀಡರ್‌ಗಳನ್ನು ಹೋಲಿಸುವುದು ಹೇಗೆ: ದನಿಯನ್ನಲ್ಲ, ಕೆಲಸವನ್ನು ಅಳೆಯಿರಿ

ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶ) ಆರಿಸಿಕೊಳ್ಳಲು ಕೂತವರು ಮೊದಲು ಗಮನಿಸುವುದು ದನಿಯನ್ನು. ಇಂಪಾಗಿದ್ದರೆ ಒಳ್ಳೆಯ ತಂತ್ರಾಂಶ, ಯಂತ್ರ ಮಾತಾಡಿದಂತಿದ್ದರೆ ಕೆಟ್ಟದ್ದು ಎಂದು ಅಲ್ಲಿಗೇ ತೀರ್ಮಾನ ಮುಗಿದುಬಿಡುತ್ತದೆ. ಆದರೆ ದನಿ ಸ್ಕ್ರೀನ್ ರೀಡರ್‌ನದ್ದಲ್ಲ, ಅದಕ್ಕೆ ಜೋಡಿಸಿರುವ, ಅಕ್ಷರವನ್ನು ಮಾತಾಗಿಸುವ ಸ್ಪೀಚ್ ಸಿಂಥಸೈಜರ್‌ನದು. ಅದನ್ನು ಎರಡು ನಿಮಿಷದಲ್ಲಿ ಬದಲಿಸಬಹುದು. ಸ್ಕ್ರೀನ್ ರೀಡರ್‌ನ ಕೆಲಸವೇ ಬೇರೆ. ಪರದೆಯ ಮೇಲೆ ಏನಿದೆ, ಅದು ಬಟನ್ನೋ ಚೆಕ್‌ಬಾಕ್ಸೋ, ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿದುಕೊಂಡು ತಕ್ಕ ಹೊತ್ತಿಗೆ ಹೇಳಬೇಕು.

ಈ ಕೆಲಸದಲ್ಲಿ ಮೂರು ಬಗೆಯ ತಪ್ಪುಗಳಾಗುತ್ತವೆ: ಹೇಳಬೇಕಾದಾಗ ಸುಮ್ಮನಿರುವುದು, ಬೇಡದ್ದನ್ನೆಲ್ಲ ಹೇಳುವುದು, ಇಲ್ಲದ್ದನ್ನು ಇದೆ, ಇದ್ದದ್ದನ್ನು ಇಲ್ಲ ಎನ್ನುವುದು. ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ. ರೀಡರ್ ಸುಮ್ಮನಾದರೆ ಏನೋ ಎಡವಟ್ಟಾಗಿದೆ ಎಂದು ನಿಮಗೆ ಗೊತ್ತಾಗುತ್ತದೆ. ಗುರುತು ಹಾಕಿದ ಚೆಕ್‌ಬಾಕ್ಸನ್ನು ‘ಗುರುತಿಲ್ಲ’ ಎಂದು ಓದಿದರೆ ಗೊತ್ತೇ ಆಗುವುದಿಲ್ಲ, ಅರ್ಜಿ ಹಾಗೆಯೇ ಹೋಗಿಬಿಡುತ್ತದೆ. ಆದ್ದರಿಂದ ಪರೀಕ್ಷೆಯ ಉದ್ದಕ್ಕೂ ಈ ಮೂರನ್ನೂ ಬೇರೆಬೇರೆಯಾಗಿ ಎಣಿಸಿಟ್ಟುಕೊಳ್ಳಿ.

ಹೋಲಿಕೆಗೆ ಯಾವುವು?

ವಿಂಡೋಸ್‌ನಲ್ಲಿ ಮೂರು ಮುಖ್ಯ. ಜಾಸ್ ಹುಟ್ಟಿದ್ದು ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಕಾಲದಲ್ಲಿ, 1989ರಲ್ಲಿ. ಇದಕ್ಕೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಎನ್‌ವಿಡಿಎ ಕೆಲಸ 2006ರಲ್ಲಿ ಆರಂಭವಾಯಿತು. ಇದು ಉಚಿತ, ಮೂಲ ಸಂಕೇತವೂ ಮುಕ್ತ. ನರೇಟರ್ ವಿಂಡೋಸ್‌ನೊಳಗೇ ಇದೆ, ವಿಂಡೋಸ್ ಕೀ, ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಶುರುವಾಗುತ್ತದೆ. ಮ್ಯಾಕ್‌ನಲ್ಲಿ 2005ರಿಂದ ವಾಯ್ಸ್‌ಓವರ್ ಇದೆ (ಕಮಾಂಡ್ ಮತ್ತು ಎಫ್5). ಲಿನಕ್ಸ್‌ನ ಗ್ನೋಮ್‌ನಲ್ಲಿ ಓರ್ಕಾ ಇದೆ (ಆಲ್ಟ್, ಸೂಪರ್ ಮತ್ತು ಎಸ್). ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ನಿಮಗಿರುವ ಆಯ್ಕೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ನಿಜವಾದ ಹೋಲಿಕೆ ವಿಂಡೋಸ್‌ನದ್ದೇ, ಈ ಬರಹದ ಹೆಚ್ಚಿನ ಭಾಗವೂ ಅದರ ಬಗ್ಗೆಯೇ. ವೆಬ್ ಅಂಗವಿಕಲರಿಗೂ ಎಟುಕುವಂತೆ ಮಾಡಲು ದುಡಿಯುವ ವೆಬ್‌ಏಮ್ ಸಂಸ್ಥೆ 2023ರ ಡಿಸೆಂಬರ್ ಮತ್ತು 2024ರ ಜನವರಿಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 40.5 ಮಂದಿ ಜಾಸ್ ಅನ್ನೂ, ಶೇ. 37.7 ಮಂದಿ ಎನ್‌ವಿಡಿಎಯನ್ನೂ ತಮ್ಮ ಮುಖ್ಯ ಸ್ಕ್ರೀನ್ ರೀಡರ್ ಎಂದು ಹೇಳಿದ್ದರು. ಜನಪ್ರಿಯತೆಯಲ್ಲಿ ಅಂತರ ಇಷ್ಟು ಸಣ್ಣದು. ಅದನ್ನು ನೋಡಿ ಆಯ್ಕೆ ಮಾಡಲಾಗದು.

ಪರೀಕ್ಷೆಗೆ ಮೊದಲು ತಕ್ಕಡಿ ಸರಿಮಾಡಿ

ಎರಡು ಸ್ಕ್ರೀನ್ ರೀಡರ್‌ಗಳನ್ನು ಒಟ್ಟಿಗೆ ಓಡಿಸಬೇಡಿ. ಎರಡೂ ಇನ್ಸರ್ಟ್ ಅಥವಾ ಕ್ಯಾಪ್ಸ್ ಲಾಕ್ ಕೀಯನ್ನೇ ತಮ್ಮದೆಂದು ಹಿಡಿದುಕೊಳ್ಳುತ್ತವೆ. ಆಜ್ಞೆ ಯಾವುದಕ್ಕೆ ಮುಟ್ಟಿತು ಎಂದು ತಿಳಿಯುವುದಿಲ್ಲ, ಎರಡು ದನಿಗಳು ಒಂದರ ಮೇಲೊಂದು ಬೀಳುತ್ತವೆ. ಒಂದನ್ನು ಪೂರ್ತಿ ಮುಚ್ಚಿ (ಎನ್‌ವಿಡಿಎಗೆ ಇನ್ಸರ್ಟ್ ಮತ್ತು ಕ್ಯೂ, ಜಾಸ್‌ಗೆ ಇನ್ಸರ್ಟ್ ಮತ್ತು ಎಫ್4), ಆಮೇಲೆ ಇನ್ನೊಂದನ್ನು ತೆರೆಯಿರಿ.

ದನಿಯ ಭೇದವನ್ನು ಲೆಕ್ಕದಿಂದ ತೆಗೆದುಹಾಕಲು ಎಲ್ಲಕ್ಕೂ ಒಂದೇ ದನಿ ಕೊಡಿ. ವಿಂಡೋಸ್‌ನ ಸ್ಯಾಪಿ 5 ದನಿಗಳನ್ನು ಜಾಸ್ ಮತ್ತು ಎನ್‌ವಿಡಿಎ ಎರಡೂ ಬಳಸಬಲ್ಲವು. ವೇಗದ ಅಂಕಿಯನ್ನು ಮಾತ್ರ ನಂಬಬೇಡಿ. ಒಂದರಲ್ಲಿನ 50 ಇನ್ನೊಂದರ 50 ಅಲ್ಲ. ಸುಮಾರು 200 ಪದಗಳ ಒಂದೇ ಪಠ್ಯವನ್ನು ‘ಎಲ್ಲವನ್ನೂ ಓದು’ ಆಜ್ಞೆಯಿಂದ ಓದಿಸಿ, ಗಡಿಯಾರ ಹಿಡಿದು, ಎರಡೂ ಸರಿಸುಮಾರು ಒಂದೇ ಸೆಕೆಂಡಿಗೆ ಮುಗಿಸುವಂತೆ ವೇಗ ಹೊಂದಿಸಿ. ಎನ್‌ವಿಡಿಎ ಮತ್ತು ಜಾಸ್‌ನ ಡೆಸ್ಕ್‌ಟಾಪ್ ಕೀಬೋರ್ಡ್ ವಿನ್ಯಾಸದಲ್ಲಿ ಈ ಆಜ್ಞೆ ಇನ್ಸರ್ಟ್ ಮತ್ತು ಕೆಳಬಾಣ.

ವಿರಾಮ ಚಿಹ್ನೆಗಳ ಮಟ್ಟವೂ ಒಂದೇ ಇರಲಿ. ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಪಿ ಒತ್ತಿ ಇದನ್ನು ಬದಲಿಸಬಹುದು. ನರೇಟರ್‌ನಲ್ಲಿ ವಿವರಗಳ ಪ್ರಮಾಣವನ್ನು ನರೇಟರ್ ಕೀ (ಕ್ಯಾಪ್ಸ್ ಲಾಕ್ ಅಥವಾ ಇನ್ಸರ್ಟ್) ಮತ್ತು ವಿ ಒತ್ತಿ ಹೆಚ್ಚುಕಡಿಮೆ ಮಾಡಬಹುದು. ಒಂದು ರೀಡರ್ ‘ಮಾತು ಜಾಸ್ತಿ’, ಇನ್ನೊಂದು ‘ಏನೂ ಹೇಳುವುದಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಈ ಸೆಟ್ಟಿಂಗ್‌ಗಳಿಂದಲೇ.

ಇನ್ನೂ ಮೂರು ವಿಷಯ ನೆನಪಿಡಿ. ಪರೀಕ್ಷೆಗೆ ತಂತಿಯಿರುವ ಇಯರ್‌ಫೋನ್ ಬಳಸಿ. ಬ್ಲೂಟೂತ್ ಸಾಧನ ಮೌನದ ನಡುವೆ ನಿದ್ದೆಗೆ ಜಾರಿ, ಮತ್ತೆ ಎಚ್ಚರವಾಗುವಷ್ಟರಲ್ಲಿ ಮಾತಿನ ಮೊದಲ ಅಕ್ಷರವನ್ನು ನುಂಗಿರುತ್ತದೆ, ಅದರ ದೂಷಣೆ ರೀಡರ್‌ಗೆ ಬರುತ್ತದೆ. ಪೆನ್‌ಡ್ರೈವ್‌ನಲ್ಲಿಟ್ಟ ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ನೋಡಿ ತೀರ್ಪು ಕೊಡಬೇಡಿ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡುವ ಪ್ರೋಗ್ರಾಂಗಳನ್ನೂ, ವಿಂಡೋಸ್ ಅನುಮತಿ ಕೇಳುವ ಸುರಕ್ಷಿತ ಪರದೆಯನ್ನೂ ಅದು ಓದಲಾರದು. ಇನ್‌ಸ್ಟಾಲ್ ಮಾಡಿದ ಪ್ರತಿ ಓದುತ್ತದೆ. ಪರವಾನಗಿ ಇಲ್ಲದ ಜಾಸ್ ಒಮ್ಮೆಗೆ 40 ನಿಮಿಷ ಮಾತ್ರ ಕೆಲಸ ಮಾಡುತ್ತದೆ, ಮತ್ತೆ ಬೇಕೆಂದರೆ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಬೇಕು. ಪರೀಕ್ಷೆಯನ್ನು 35 ನಿಮಿಷದೊಳಗೆ ಮುಗಿಯುವ ತುಂಡುಗಳಾಗಿ ಮಾಡಿಕೊಂಡರೆ ನಡುವೆ ಕಡಿದುಹೋಗುವುದಿಲ್ಲ.

ನಿಮ್ಮ ದಿನದ ಕೆಲಸವೇ ಪ್ರಶ್ನೆಪತ್ರಿಕೆ

ನೀವು ವಾರದಲ್ಲಿ ಪದೇಪದೇ ಮಾಡುವ ಐದಾರು ಕೆಲಸಗಳನ್ನು ಬರೆದುಕೊಳ್ಳಿ: ಲಗತ್ತಿರುವ ಇಮೇಲ್‌ಗೆ ಉತ್ತರ ಕಳಿಸುವುದು, ವರ್ಡ್ ಕಡತದಲ್ಲಿ ಕೋಷ್ಟಕ ತಿದ್ದುವುದು, ಎಕ್ಸೆಲ್‌ನಲ್ಲಿ ಮೊತ್ತ ಹುಡುಕುವುದು, ವೆಬ್ ಅರ್ಜಿ ತುಂಬುವುದು, ಪಿಡಿಎಫ್ ಓದುವುದು, ಹೊಸ ತಂತ್ರಾಂಶ ಇನ್‌ಸ್ಟಾಲ್ ಮಾಡುವುದು. ಪ್ರತಿ ಕೆಲಸವನ್ನೂ ಪ್ರತಿ ರೀಡರ್‌ನಲ್ಲಿ ಮೂರು ಸಲ ಮಾಡಿ. ಮೊದಲ ಸಲದ ಲೆಕ್ಕ ಬಿಟ್ಟುಬಿಡಿ, ಆಗ ನೀವು ಕೀಗಳನ್ನು ಕಲಿಯುತ್ತಿರುತ್ತೀರಿ. ಉಳಿದ ಎರಡರಲ್ಲಿ ತೆಗೆದುಕೊಂಡ ಸಮಯ, ಮೇಲೆ ಹೇಳಿದ ಮೂರು ಬಗೆಯ ತಪ್ಪುಗಳು, ಕಣ್ಣಿರುವವರ ನೆರವು ಬೇಕಾಯಿತೇ ಎಂಬುದು, ಇಷ್ಟನ್ನು ಬರೆಯಿರಿ. ಒಂದು ರೀಡರ್ ವರ್ಷಗಳಿಂದ ಕೈಗೆ ಒಗ್ಗಿದ್ದರೆ ಸಮಯದ ಲೆಕ್ಕ ಅದರ ಕಡೆಗೇ ವಾಲುತ್ತದೆ. ಆಗ ತಪ್ಪುಗಳ ಎಣಿಕೆಗೆ ಹೆಚ್ಚು ಬೆಲೆ ಕೊಡಿ.

ವೇಗದ ಸ್ಪಂದನವನ್ನು ನೋಡಲು ಒಂದು ಸಣ್ಣ ಪರೀಕ್ಷೆ ಸಾಕು. ಉದ್ದದ ಪಟ್ಟಿಯೊಂದರಲ್ಲಿ ಕೆಳಬಾಣವನ್ನು ಒತ್ತಿ ಹಿಡಿದು ಬಿಡಿ. ಬೆರಳು ಎತ್ತಿದ ಕೂಡಲೇ ಈಗಿರುವ ಸಾಲನ್ನೇ ಹೇಳಬೇಕು, ಹಿಂದೆ ಬಿಟ್ಟ ಸಾಲುಗಳನ್ನು ಒಂದೊಂದಾಗಿ ಒಪ್ಪಿಸುತ್ತಾ ಕೂರಬಾರದು. ಮಾತಿನ ನಡುವೆ ಕಂಟ್ರೋಲ್ ಒತ್ತಿದರೆ ಆ ಕ್ಷಣವೇ ನಿಲ್ಲಬೇಕು.

ವೆಬ್‌ನಲ್ಲಿ ಎಡವುವ ಜಾಗ

ವೆಬ್ ಪುಟವನ್ನು ಓದುವಾಗ ಎನ್‌ವಿಡಿಎ ಬ್ರೌಸ್ ಮೋಡ್‌ಗೆ, ಜಾಸ್ ವರ್ಚುವಲ್ ಕರ್ಸರ್‌ಗೆ, ನರೇಟರ್ ಸ್ಕ್ಯಾನ್ ಮೋಡ್‌ಗೆ ಹೋಗುತ್ತವೆ. ಆಗ ಅಕ್ಷರದ ಕೀಗಳೇ ಆಜ್ಞೆಗಳಾಗುತ್ತವೆ: ಎಚ್ ಮುಂದಿನ ಶೀರ್ಷಿಕೆಗೆ, ಟಿ ಕೋಷ್ಟಕಕ್ಕೆ, ಬಿ ಬಟನ್‌ಗೆ, ಎಫ್ ಅರ್ಜಿಯ ಖಾನೆಗೆ. ಎಲ್ಲವೂ ಒಂದೇ ಥರ ಎಂದುಕೊಳ್ಳಬೇಡಿ. ಎನ್‌ವಿಡಿಎಯಲ್ಲಿ ಕೆ ಎಂದರೆ ಲಿಂಕ್, ಜಾಸ್‌ನಲ್ಲಿ ಅದೇ ಕೀ ನೀವು ಇಟ್ಟ ಗುರುತಿಗೆ ಹಾರುತ್ತದೆ. ಕೋಷ್ಟಕದೊಳಗೆ ಮಾತ್ರ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಗಳು ಮೂರರಲ್ಲೂ ನಡೆಯುತ್ತವೆ. ಖಾನೆಯಿಂದ ಖಾನೆಗೆ ಹೋದಾಗ ಆ ಕಂಬಸಾಲಿನ ಶೀರ್ಷಿಕೆಯನ್ನು ತಾನಾಗಿ ಹೇಳುತ್ತದೆಯೇ ನೋಡಿ. ಬರಿಯ ‘42’ ಎಂದರೆ ಏನರ್ಥ?

ಹೊಸಬರ ಸಾಮಾನ್ಯ ದೂರು ಇದು: ಖಾನೆಯಲ್ಲಿ ಹೆಸರು ಟೈಪ್ ಮಾಡಲು ಹೋದರೆ ಕರ್ಸರ್ ಎಲ್ಲೆಲ್ಲೋ ಹಾರುತ್ತದೆ. ರೀಡರ್ ಇನ್ನೂ ಓದುವ ಮೋಡ್‌ನಲ್ಲೇ ಇದೆ ಎಂದು ಇದರ ಅರ್ಥ. ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ಬದಲಿಸಿ. ಜಾಸ್‌ನಲ್ಲಿ ಖಾನೆಯ ಮೇಲೆ ಎಂಟರ್ ಒತ್ತಿ ಫಾರ್ಮ್ಸ್ ಮೋಡ್‌ಗೆ ಹೋಗಿ, ಹೊರಬರಲು ನಂಬರ್ ಪ್ಯಾಡ್‌ನ ಪ್ಲಸ್ ಒತ್ತಿ. ಮೋಡ್ ಬದಲಾದಾಗ ಎರಡೂ ಸಣ್ಣ ಸದ್ದು ಮಾಡುತ್ತವೆ. ಆ ಸದ್ದುಗಳನ್ನು ಮೊದಲ ದಿನವೇ ಕಿವಿಗೆ ರೂಢಿಸಿಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

ಮುಂದಿನ ಪ್ರಶ್ನೆ ತಪ್ಪು ಯಾರದ್ದು ಎಂಬುದು. ತಂತ್ರಾಂಶಗಳು ತಮ್ಮ ಬಟನ್, ಪಟ್ಟಿ, ಖಾನೆಗಳ ಹೆಸರು ಮತ್ತು ಸ್ಥಿತಿಯನ್ನು ಆಪರೇಟಿಂಗ್ ಸಿಸ್ಟಮ್ ಮೂಲಕ ಒದಗಿಸಬೇಕು. ವಿಂಡೋಸ್‌ನಲ್ಲಿ ಯುಐ ಆಟೊಮೇಷನ್‌ನಂಥ ವ್ಯವಸ್ಥೆಗಳಿರುವುದು ಇದಕ್ಕಾಗಿಯೇ. ಪುಟ ಬರೆದವರು ಹೆಸರು ಕೊಡದಿದ್ದರೆ ಎಂಥ ರೀಡರ್ ಆದರೂ ಬರಿಯ ‘ಬಟನ್’ ಎಂದೇ ಹೇಳುತ್ತದೆ. ಆದ್ದರಿಂದ ತೊಡಕು ಕಂಡ ಪುಟವನ್ನು ಇನ್ನೊಂದು ರೀಡರ್‌ನಲ್ಲೂ ಇನ್ನೊಂದು ಬ್ರೌಸರ್‌ನಲ್ಲೂ ತೆರೆದು ನೋಡಿ. ಕ್ರೋಮ್‌ನಿಂದ ಎಡ್ಜ್‌ಗೆ ಹೋದರೆ ಪ್ರಯೋಜನ ಕಡಿಮೆ, ಎರಡರ ಒಳಗಿನ ಎಂಜಿನ್ ಒಂದೇ. ಫೈರ್‌ಫಾಕ್ಸ್‌ನಲ್ಲಿ ನೋಡಿ. ಎಲ್ಲ ಕಡೆಯೂ ಅದೇ ತೊಡಕಿದ್ದರೆ ಪುಟದ ದೋಷ, ಒಂದು ರೀಡರ್‌ನಲ್ಲಿ ಮಾತ್ರ ಇದ್ದರೆ ಆ ರೀಡರ್‌ನದು.

ಕೊನೆಗೆ, ಅರ್ಜಿಯ ಕಡ್ಡಾಯ ಖಾನೆಯೊಂದನ್ನು ಬೇಕೆಂದೇ ಖಾಲಿ ಬಿಟ್ಟು ಸಲ್ಲಿಸಿ. ತಪ್ಪಿನ ಸಂದೇಶ ತಾನಾಗಿ ಕೇಳಬೇಕು, ಒಂದೇ ಸಲ ಕೇಳಬೇಕು.

ಕನ್ನಡ ಓದಿಸಿ ನೋಡುವಾಗ

ಕನ್ನಡದ ಓದನ್ನು ಬಿಟ್ಟು ಮಾಡಿದ ಹೋಲಿಕೆ ಕನ್ನಡಿಗರಿಗೆ ಅರೆಬರೆಯದ್ದು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡವಿದೆ. ಅದು ಮನುಷ್ಯರ ಧ್ವನಿಮುದ್ರಣವಲ್ಲ, ಲೆಕ್ಕಾಚಾರದಿಂದ ಹುಟ್ಟುವ ದನಿ. ಅದಕ್ಕೇ ಲೋಹದಂತೆ ಕೇಳುತ್ತದೆ. ಅದಕ್ಕೇ ವೇಗ ಬಹಳ ಹೆಚ್ಚಿಸಿದರೂ ಅಕ್ಷರಗಳು ಅಷ್ಟಾಗಿ ಕಲಸಿಹೋಗುವುದಿಲ್ಲ. ದಿನವಿಡೀ ಕೆಲಸ ಮಾಡುವವರಿಗೆ ಇಂಪಿಗಿಂತ ಈ ಗುಣವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ವಾರ ಕೇಳಿದ ಮೇಲಷ್ಟೇ ಅದರ ಬಗ್ಗೆ ತೀರ್ಮಾನಿಸಿ.

ಪರೀಕ್ಷೆಗೆ ಹೀಗೊಂದು ಪದಪಟ್ಟಿ ಮಾಡಿಕೊಳ್ಳಿ: ಹಳ್ಳಿ, ಹಲ್ಲಿ, ಕೊಡು, ಕೋಡು, ಕೆರೆ, ಕೇರಿ, ಸೂರ್ಯ, ಅರ್ಕ, ವಿಜ್ಞಾನ, ಸಿಂಹ, ಸಂಸ್ಥೆ, ಸಾಫ್ಟ್‌ವೇರ್, 1,25,000, ೧೨೫. ಕಣ್ಣಿನ ನೆರವಿಲ್ಲದೆ ಕೇಳಿ, ಎಷ್ಟು ಪದಗಳನ್ನು ಸರಿಯಾಗಿ ಬರೆದುಕೊಳ್ಳಲಾಯಿತು ಎಂದು ಎಣಿಸಿ. ನಂತರ ‘ಸ್ತ್ರೀ’ ಎಂದು ಟೈಪ್ ಮಾಡಿ. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿಗೆ ಆರು ಯೂನಿಕೋಡ್ ಸಂಕೇತ. ಬ್ಯಾಕ್‌ಸ್ಪೇಸ್ ಒತ್ತಿದಾಗ ಸಾಮಾನ್ಯವಾಗಿ ಕೊನೆಯ ಸಂಕೇತವಷ್ಟೇ ಅಳಿಯುತ್ತದೆ. ಅಳಿದದ್ದು ಏನೆಂದು ರೀಡರ್ ಸರಿಯಾಗಿ ಹೇಳದಿದ್ದರೆ ಕನ್ನಡದಲ್ಲಿ ತಿದ್ದುವ ಕೆಲಸ ನರಕವಾಗುತ್ತದೆ.

ಒಂದು ಪದದ ನಡುವೆ ಥಟ್ಟನೆ ‘ಸೊನ್ನೆ’ ಎಂದು ಕೇಳಿದರೆ ರೀಡರನ್ನು ಬೈಯಬೇಡಿ. ಟೈಪ್ ಮಾಡಿದವರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕಿರುತ್ತಾರೆ. ನೋಡುವವರಿಗೆ ಎರಡೂ ಒಂದೇ ದುಂಡು. ಎನ್‌ವಿಡಿಎಯಲ್ಲಿ ರಿವ್ಯೂ ಕರ್ಸರ್ (ಟೈಪ್ ಮಾಡುವ ಜಾಗ ಬದಲಿಸದೆ ಪಠ್ಯವನ್ನು ಓದಿ ನೋಡುವ ಕರ್ಸರ್) ಆ ಅಕ್ಷರದ ಮೇಲಿರುವಾಗ ನಂಬರ್ ಪ್ಯಾಡ್‌ನ 2 ಅನ್ನು ಬೇಗಬೇಗ ಮೂರು ಸಲ ಒತ್ತಿ, ಅಕ್ಷರದ ಸಂಖ್ಯೆ ಹೇಳುತ್ತದೆ. 3202 ಎಂದರೆ ಅನುಸ್ವಾರ, 3302 ಎಂದರೆ ಸೊನ್ನೆ.

ಇಡೀ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕೇಳಿದರೆ ಅದು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪಾದದ್ದು. ಅಲ್ಲಿ ಕನ್ನಡ ಇರುವುದು ಫಾಂಟ್‌ನ ಚಿತ್ರದಲ್ಲಿ ಮಾತ್ರ. ರೀಡರ್ ಬದಲಿಸಿ ಫಲವಿಲ್ಲ, ಕಡತವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪಿಡಿಎಫ್‌ನಲ್ಲಿ ಏನೂ ಕೇಳದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಓಸಿಆರ್ ಬಳಸಿ (ಎನ್‌ವಿಡಿಎಯಲ್ಲಿ ಇನ್ಸರ್ಟ್ ಮತ್ತು ಆರ್), ಆದರೆ ಆ ಭಾಷೆ ಓಸಿಆರ್‌ನ ಪಟ್ಟಿಯಲ್ಲಿದೆಯೇ ಎಂದು ಸೆಟ್ಟಿಂಗ್‌ನಲ್ಲಿ ಮೊದಲು ನೋಡಿಕೊಳ್ಳಿ.

ಬಿದ್ದಾಗ ಏಳುವ ಬಗೆ

ಎಲ್ಲ ರೀಡರ್‌ಗಳೂ ಒಮ್ಮೊಮ್ಮೆ ನಿಂತುಹೋಗುತ್ತವೆ. ಒಬ್ಬರೇ ಇರುವಾಗ ಅದನ್ನು ಮತ್ತೆ ಎಬ್ಬಿಸಲಾಗುವುದೇ ಎಂಬುದು ಗುಣಮಟ್ಟದ ದೊಡ್ಡ ಭಾಗ. ಎನ್‌ವಿಡಿಎ ಇನ್‌ಸ್ಟಾಲ್ ಮಾಡುವಾಗ ಡೆಸ್ಕ್‌ಟಾಪ್ ಶಾರ್ಟ್‌ಕಟ್ ಉಳಿಸಿಕೊಂಡಿದ್ದರೆ ಕಂಟ್ರೋಲ್, ಆಲ್ಟ್ ಮತ್ತು ಎನ್ ಒತ್ತಿದರೆ ಅದು ಮತ್ತೆ ಏಳುತ್ತದೆ. ಅದೂ ಆಗದಿದ್ದರೆ ನರೇಟರ್ ಇದೆ. ಮುಖ್ಯ ರೀಡರ್ ಯಾವುದೇ ಇರಲಿ, ನರೇಟರ್‌ನ ನಾಲ್ಕಾರು ಆಜ್ಞೆ ಕಲಿತಿರಬೇಕು ಎನ್ನುವುದು ಇದಕ್ಕೇ. ಆಡ್‌ಆನ್ (ರೀಡರ್‌ಗೆ ಹೆಚ್ಚುವರಿಯಾಗಿ ಜೋಡಿಸುವ ಸಣ್ಣ ತಂತ್ರಾಂಶ) ಮೇಲೆ ಅನುಮಾನವಿದ್ದರೆ ಎನ್‌ವಿಡಿಎ ಮುಚ್ಚುವ ಸಂವಾದದಲ್ಲೇ ಆಡ್‌ಆನ್‌ಗಳಿಲ್ಲದೆ ಮರುಪ್ರಾರಂಭಿಸುವ ಆಯ್ಕೆಯಿದೆ. ಪ್ರತಿ ವರ್ಷದ ಮೊದಲ ಆವೃತ್ತಿ ಬಂದಾಗ ಹಳೆಯ ಆಡ್‌ಆನ್‌ಗಳು ಹೊಂದದೆ ಹೋಗಬಹುದು. ಆ ಆವೃತ್ತಿಯನ್ನು ಕೆಲಸದ ಒತ್ತಡವಿರುವ ದಿನ ಹಾಕಿಕೊಳ್ಳಬೇಡಿ.

ಅಂಕಗಳು ಸಮನಾಗಿ ಬಂದರೆ ನಮ್ಮ ಸಲಹೆ ಇದು. ವೆಬ್, ಇಮೇಲ್, ಬರವಣಿಗೆ ಇಷ್ಟೇ ಸಾಕೆನ್ನುವವರು ಎನ್‌ವಿಡಿಎ ಹಿಡಿಯಲಿ. ಕಚೇರಿಯ ವಿಶೇಷ ತಂತ್ರಾಂಶ ಬಳಸುವವರಿಗೆ, ಅದಕ್ಕೆ ಈಗಾಗಲೇ ಜಾಸ್ ಸ್ಕ್ರಿಪ್ಟ್ (ಆ ತಂತ್ರಾಂಶವನ್ನು ಹೇಗೆ ಓದಬೇಕೆಂದು ಜಾಸ್‌ಗೆ ತಿಳಿಸುವ ಸೂಚನೆಗಳು) ಬರೆದಿಟ್ಟಿದ್ದರೆ, ಜಾಸ್‌ಗೆ ಕೊಡುವ ಹಣ ವ್ಯರ್ಥವಲ್ಲ. ಬ್ರೈಲ್ ಡಿಸ್‌ಪ್ಲೇ (ಪರದೆಯ ಪಠ್ಯವನ್ನು ಮುಟ್ಟಿ ಓದುವ ಚುಕ್ಕಿಗಳಾಗಿ ತೋರಿಸುವ ಸಾಧನ) ಇದ್ದವರು ತಮ್ಮ ಮಾದರಿಯನ್ನೇ ಜೋಡಿಸಿ ನೋಡದೆ ಯಾವುದಕ್ಕೂ ಹಣ ಕಟ್ಟಬಾರದು.

ಪರೀಕ್ಷೆಯಲ್ಲಿ ಸಿಕ್ಕ ತಪ್ಪುಗಳನ್ನು ತಯಾರಕರಿಗೆ ಬರೆದು ಕಳಿಸಿ. ರೀಡರ್‌ನ ಆವೃತ್ತಿ, ವಿಂಡೋಸ್ ಆವೃತ್ತಿ, ಬ್ರೌಸರ್, ಒತ್ತಿದ ಕೀಗಳು ಕ್ರಮವಾಗಿ, ಏನು ಕೇಳಬೇಕಿತ್ತು, ಏನು ಕೇಳಿತು, ಇಷ್ಟಿರಲಿ. ಕೇಳಿದ ಮಾತನ್ನು ನೆನಪಿನಿಂದ ಬರೆಯಬೇಕಿಲ್ಲ. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ, ಜಾಸ್‌ನಲ್ಲಿ ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿ ಬಿಟ್ಟು ಎಚ್ ಒತ್ತಿದರೆ ಹಿಂದೆ ಆಡಿದ ಮಾತುಗಳು ಅಕ್ಷರದಲ್ಲೇ ಸಿಗುತ್ತವೆ. ಅಲ್ಲಿಂದಲೇ ನಕಲಿಸಿ ಅಂಟಿಸಿ.