ಹಳೆಯ ಏರ್‌ಬ್ರಷ್ ಕೊಳ್ಳುವುದು ಹೇಗೆ, ಅದರ ವಯಸ್ಸು ಪತ್ತೆ ಮಾಡುವುದು ಹೇಗೆ

ಗಣೇಶ ಚತುರ್ಥಿ ಹತ್ತಿರವಾದಂತೆ ಲಾಲ್‌ಬಾಗ್ (ಬೆಂಗಳೂರಿನದಲ್ಲ, ಮುಂಬೈಯದು) ಮತ್ತು ಪರೇಲ್‌ನ ಮೂರ್ತಿ ಕಾರ್ಖಾನೆಗಳಲ್ಲಿ ಕಂಪ್ರೆಸರಿನ ಸದ್ದು ನಿಲ್ಲುವುದೇ ಇಲ್ಲ. ಸೊಂಡಿಲಿನ ಮಡಿಕೆಗೆ ನೆರಳು, ಕೆನ್ನೆಗೆ ನಸುಗೆಂಪು ಹಾಕಲು ಪೆನ್ನಿನ ಹಾಗೆ ಹಿಡಿಯುವ ಪುಟ್ಟ ಸಾಧನವೇ ಏರ್‌ಬ್ರಷ್. ಇಂದು ಅಲ್ಲಿ ಕಾಣುವುದು ಬಹುಮಟ್ಟಿಗೆ ಅಗ್ಗದ ಹೊಸ ಮಾಲು. ಆದರೆ ಕಂಪ್ಯೂಟರ್ ಬರುವ ಮುಂಚೆ ಇದೇ ಊರಿನ ಫೋಟೊ ಸ್ಟುಡಿಯೊಗಳು, ಜಾಹೀರಾತು ಕಂಪನಿಗಳು, ಕ್ಯಾಲೆಂಡರ್ ಮುದ್ರಿಸುವ ಪ್ರೆಸ್ಸುಗಳು ಏರ್‌ಬ್ರಷ್ ಇಲ್ಲದೆ ಕೆಲಸ ಮಾಡುತ್ತಿರಲಿಲ್ಲ. ಫೋಟೊದ ಹಿನ್ನೆಲೆ ಅಳಿಸುವುದು, ಯಂತ್ರದ ಚಿತ್ರಕ್ಕೆ ಹೊಳಪು ಕೊಡುವುದು, ಮದುಮಗಳ ಮುಖದ ಕಲೆ ತೆಗೆಯುವುದು ಎಲ್ಲವೂ ಇದರದೇ ಕೆಲಸ. ಅಂಥ ಸ್ಟುಡಿಯೊ ಮುಚ್ಚಿದಾಗ ಡ್ರಾಯರಿನಲ್ಲಿದ್ದದ್ದು ಗುಜರಿಗೆ ಹೋಗುತ್ತದೆ. ಸಂಗ್ರಹಕಾರನ ಕೆಲಸ ಶುರುವಾಗುವುದು ಅಲ್ಲಿಂದ.

ಕೊಳ್ಳುವ ಮೊದಲು ವಂಶಾವಳಿಯನ್ನು ಸ್ವಲ್ಪ ತಿಳಿದಿದ್ದರೆ ಒಳ್ಳೆಯದು. ಬಣ್ಣವನ್ನು ಗಾಳಿಯಿಂದ ಚಿಮ್ಮಿಸುವ ಉಪಕರಣಕ್ಕೆ ಅಮೆರಿಕದ ಫ್ರಾನ್ಸಿಸ್ ಎಡ್ಗರ್ ಸ್ಟ್ಯಾನ್ಲಿ 1876ರಲ್ಲಿ ಪೇಟೆಂಟ್ ಪಡೆದ. ಮುಂದೆ ಉಗಿ ಕಾರು ಮಾಡಿ ಹೆಸರಾದವನೂ ಇವನೇ. ಅಯೋವಾ ರಾಜ್ಯದ ಅಬ್ನರ್ ಪೀಲರ್ ಅದೇ ದಶಕದ ಕೊನೆಯಲ್ಲಿ ಬೆಸುಗೆಯ ಊದುಕೊಳವೆ, ಚಮಚ, ಹೊಲಿಗೆ ಸೂಜಿಗಳನ್ನು ಜೋಡಿಸಿ ತನ್ನದೊಂದನ್ನು ಕಟ್ಟಿದ. ಅದರ ಹಕ್ಕನ್ನು ಕೊಂಡ ಲಿಬರ್ಟಿ ವಾಕಪ್ ರಾಕ್‌ಫರ್ಡ್‌ನಲ್ಲಿ ಕಂಪನಿ ತೆರೆದ. ನಾವು ಇಂದು ಹಿಡಿಯುವ ಮಾದರಿ, ಅಂದರೆ ಒಂದೇ ಟ್ರಿಗರ್ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಬರುವಂಥದ್ದು, 1890ರ ದಶಕದ ಆರಂಭದಲ್ಲಿ ಚಾರ್ಲ್ಸ್ ಬರ್ಡಿಕ್‌ನಿಂದ ಬಂತು. ಅವನು ಇಂಗ್ಲೆಂಡಿಗೆ ಹೋಗಿ ಏರೊಗ್ರಾಫ್ ಕಂಪನಿ ಸ್ಥಾಪಿಸಿದ. ಬ್ರಿಟಿಷರ ಕಾಲದ ಬಾಂಬೆಯ ವ್ಯಾಪಾರ ಲಂಡನ್ ಕಡೆಗೇ ಇದ್ದುದರಿಂದ ಇಲ್ಲಿ ಏರೊಗ್ರಾಫ್ ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ಶಿಕಾಗೊದ ಥೇಯರ್ ಆ್ಯಂಡ್ ಚಾಂಡ್ಲರ್, 1904ರಲ್ಲಿ ಅದೇ ಊರಿನಲ್ಲಿ ಆರಂಭವಾದ ಪಾಶೆ, 1960ರ ದಶಕದ ಬ್ಯಾಜರ್, ಜಪಾನಿನ ಇವಾಟಾ: ಇಷ್ಟು ಹೆಸರುಗಳು ನೆನಪಿದ್ದರೆ ಮೊದಲ ಸುತ್ತಿಗೆ ಸಾಕು.

ಎಲ್ಲಿ ಹುಡುಕಬೇಕು

ಮುಂಬೈಯಲ್ಲಾದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಶುಕ್ರವಾರ ಅಲ್ಲಿನ ಖಾಯಂ ಅಂಗಡಿಗಳು ಮುಚ್ಚಿರುತ್ತವೆ, ಬೆಳಗಿನ ಜಾವದಿಂದಲೇ ರಸ್ತೆಯ ಮೇಲೆ ಜುಮ್ಮಾ ಬಜಾರ್ ಹರಡಿಕೊಳ್ಳುತ್ತದೆ. ಅಂಗಡಿಯವರಿಗೆ ಏರ್‌ಬ್ರಷ್ ಎಂದರೇನೆಂದು ಗೊತ್ತು, ಬೆಲೆಯೂ ಗೊತ್ತು. ರಸ್ತೆಯವನಿಗೆ ಅದು ಯಾವುದೋ ಡಾಕ್ಟರ್ ಸಾಮಾನು. ಪುಣೆಯ ಜುನಾ ಬಜಾರ್ ಭಾನುವಾರ ಮತ್ತು ಬುಧವಾರ. ನನ್ನ ಮಟ್ಟಿಗೆ ಇವೆರಡಕ್ಕಿಂತ ಒಳ್ಳೆಯ ದಾರಿ ಹಳೆಯ ಕಲಾವಿದರ ಮನೆ. ಮಾಟುಂಗಾ, ದಾದರ್, ಗಿರ್ಗಾಂವ್‌ಗಳಲ್ಲಿ ಬೋರ್ಡ್ ಬರೆದು, ಫೋಟೊ ತಿದ್ದಿ ನಿವೃತ್ತರಾದ ನಮ್ಮ ಕರಾವಳಿ ಕಡೆಯ ಹಿರಿಯರು ಇನ್ನೂ ಇದ್ದಾರೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ವಿಚಾರಿಸಿದರೆ ಯಾರಾದರೂ "ನಮ್ಮ ಚಿಕ್ಕಪ್ಪನ ಪೆಟ್ಟಿಗೆ ಅಟ್ಟದ ಮೇಲಿದೆ, ಬಂದು ನೋಡಿ" ಎನ್ನುವುದುಂಟು. ಅಲ್ಲಿ ವಸ್ತುವಿನ ಜೊತೆಗೆ ಕಥೆಯೂ ಸಿಗುತ್ತದೆ: ಯಾವ ಅಂಗಡಿಯಲ್ಲಿ ಕೊಂಡದ್ದು, ಯಾವ ಕೆಲಸಕ್ಕೆ ಬಳಸಿದ್ದು. ಅದನ್ನು ಅಲ್ಲೇ ಬರೆದುಕೊಳ್ಳಿ.

ಹೋಗುವಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ಮೆತ್ತನೆಯ ಬಟ್ಟೆ ಜೇಬಿನಲ್ಲಿರಲಿ.

ಕೈಗೆತ್ತಿಕೊಂಡಾಗ

"ಸೂಜಿ ನೋಡದೆ ದುಡ್ಡು ಕೊಡಬೇಡಿ ಮಾರಾಯರೇ" ಎನ್ನುವುದು ಈ ಕಸುಬಿನವರ ಮೊದಲ ಪಾಠ. ಹಿಂಬದಿಯ ಹಿಡಿಯನ್ನು ತಿರುಗಿಸಿ ತೆಗೆದು, ಸೂಜಿಯನ್ನು ಬಿಗಿದ ಪುಟ್ಟ ತಿರುಪನ್ನು ಸಡಿಲಿಸಿ, ಸೂಜಿಯನ್ನು ಹಿಂದಕ್ಕೆ ಎಳೆಯಿರಿ. ಬಾರದಿದ್ದರೆ ಒಣಗಿದ ಬಣ್ಣ ಹಿಡಿದಿದೆ ಎಂದರ್ಥ, ಅಲ್ಲಿ ಬಲ ಹಾಕಬೇಡಿ. ಬಂದರೆ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕೊಕ್ಕೆಯಂತೆ ಬಾಗಿದ ತುದಿ ಸಾಮಾನ್ಯ, ಅದು ದೊಡ್ಡ ದೋಷವಲ್ಲ. ದೋಷವಿರುವುದು ನಾಝಲ್‌ನಲ್ಲಿ. ಸೂಜಿ ಹೊರಬರುವ ಆ ಸಣ್ಣ ಶಂಕುವಿನ ಬಾಯಿ ಸೀಳಿದ್ದರೆ ಅಥವಾ ಅಗಲವಾಗಿದ್ದರೆ ಬೆಲೆಯನ್ನು ಅರ್ಧಕ್ಕೆ ಇಳಿಸಿ ಕೇಳಿ. ಹಳೆಯ ಮಾದರಿಗಳಿಗೆ ಹೊಸ ನಾಝಲ್ ಸಿಗುವುದು ಕಷ್ಟ. ಟ್ರಿಗರ್ ಒತ್ತಿ ಬಿಟ್ಟಾಗ ತಾನಾಗಿ ಮೇಲೆ ಬರಬೇಕು. ಬಾರದಿದ್ದರೆ ಗಾಳಿ ಕವಾಟದ ಸ್ಪ್ರಿಂಗ್ ಸತ್ತಿದೆ, ಅದನ್ನು ಸರಿ ಮಾಡಿಸಬಹುದು.

ಪಕ್ಕದಲ್ಲಿ ಪುಟ್ಟ ಚಕ್ರವೂ, ಸೂಜಿಯನ್ನು ಆಡಿಸುವ ಸಣ್ಣ ತೋಳೂ ಇರುವ ವಿಚಿತ್ರ ಯಂತ್ರ ಕಂಡರೆ ಚೌಕಾಸಿಗೆ ಹೆಚ್ಚು ಹೊತ್ತು ಹಾಕಬೇಡಿ. ಅದು ಪಾಶೆ ಎಬಿ. ಗಾಳಿಯಿಂದ ತಿರುಗುವ ಟರ್ಬೈನು ಸೂಜಿಯನ್ನು ಹಿಂದೆ ಮುಂದೆ ಓಡಿಸುತ್ತದೆ, ಕೂದಲೆಳೆಯಷ್ಟು ತೆಳುವಾದ ಗೆರೆ ಬರುತ್ತದೆ. ಹೊಂದಿಸಿಕೊಳ್ಳಲು ಅಪಾರ ತಾಳ್ಮೆ ಬೇಕು. ಆದರೂ ನೋಡಲು ಇದಕ್ಕಿಂತ ಚೆಂದದ್ದು ಈ ಕುಲದಲ್ಲಿ ಇನ್ನೊಂದಿಲ್ಲ.

ವಯಸ್ಸು ಹಿಡಿಯುವ ಬಗೆ

ಹೊಸಬರು ಪೇಟೆಂಟ್ ವರ್ಷವನ್ನು ಓದಿ ಅದನ್ನೇ ತಯಾರಾದ ವರ್ಷ ಎಂದುಕೊಳ್ಳುತ್ತಾರೆ. ಮಾರುವವನೂ ಹಾಗೆಯೇ ಹೇಳುತ್ತಾನೆ, ಅವನಿಗೆ ಅದು ಲಾಭ. ಪೇಟೆಂಟ್ ಹೇಳುವುದು ಒಂದೇ ಮಾತು: ಈ ವಸ್ತು ಅದಕ್ಕಿಂತ ಹಿಂದಿನದಲ್ಲ. ಅದೇ ಅಚ್ಚು ಮೂವತ್ತು ವರ್ಷ ಓಡಿರಬಹುದು. ಹಾಗಾಗಿ ಸಿಕ್ಕ ಎಲ್ಲ ಸುಳಿವುಗಳನ್ನೂ ಬರೆದುಕೊಂಡು, ಅವುಗಳಲ್ಲಿ ತೀರಾ ಇತ್ತೀಚಿನದು ಯಾವುದೆಂದು ನೋಡಿ. ತೀರ್ಪು ಅದರದು.

ಅಮೆರಿಕದ ಮಾಲಿನಲ್ಲಿ ಸಂಖ್ಯೆಯಿಲ್ಲದೆ ಪೇಟೆಂಟಿನ ದಿನಾಂಕ ಮಾತ್ರ ಕೊರೆದಿದ್ದರೆ ಅದು ಸಾಮಾನ್ಯವಾಗಿ 1927ಕ್ಕಿಂತ ಹಿಂದಿನ ಅಚ್ಚು. ಆ ವರ್ಷದ ಕಾನೂನು ಸಂಖ್ಯೆಯನ್ನೇ ಹಾಕಬೇಕೆಂದಿತು. ಸಂಖ್ಯೆ ಇದ್ದರೆ ಕೆಲಸ ಸುಲಭ. 1900ನೇ ಇಸವಿ 6,40,167ರಿಂದ ಆರಂಭವಾಯಿತು, 1910 ಆರಂಭವಾದದ್ದು 9,45,010ರಿಂದ, 1920ರದು 13,26,899ರಿಂದ, 1930ರದು 17,42,181ರಿಂದ, 1940ರದು 21,85,170ರಿಂದ, 1950ರದು 24,92,944ರಿಂದ, 1960ರದು 29,19,443ರಿಂದ. ನಡುವಿನದನ್ನು ಗೂಗಲ್ ಪೇಟೆಂಟ್ಸ್‌ನಲ್ಲಿ ಉಚಿತವಾಗಿ ನೋಡಬಹುದು, ಚಿತ್ರವೂ ಸಿಗುತ್ತದೆ. ಆಗ ಪೇಟೆಂಟಿನ ಅವಧಿ ಮಂಜೂರಾದ ದಿನದಿಂದ 17 ವರ್ಷ. ಅವಧಿ ಮುಗಿದ ಮೇಲೂ ಅಚ್ಚು ಬದಲಿಸುವ ಖರ್ಚು ಉಳಿಸಲು ಸಂಖ್ಯೆಯನ್ನು ಹಾಗೆಯೇ ಬಿಟ್ಟವರಿದ್ದಾರೆ. ಬ್ರಿಟಿಷ್ ಪೇಟೆಂಟ್ ಬೇರೆ ಬಗೆ: 1915ರವರೆಗೆ ಪ್ರತಿ ವರ್ಷವೂ ಒಂದರಿಂದ ಎಣಿಕೆ ಶುರುವಾಗುತ್ತಿತ್ತು, ಆದ್ದರಿಂದ ಸಂಖ್ಯೆಯ ಪಕ್ಕದಲ್ಲೇ ಇಸವಿ ಇರುತ್ತದೆ. 1916ರಿಂದ 1,00,001ರ ನಂತರ ನಿರಂತರ ಎಣಿಕೆ.

ದೇಶದ ಹೆಸರೂ ಮಾತಾಡುತ್ತದೆ. 'ಆಕ್ಯುಪೈಡ್ ಜಪಾನ್' ಎಂದಿದ್ದರೆ ಮಹಾಯುದ್ಧ ಮುಗಿದ ಮೇಲೆ, 1952ರ ಒಳಗೆ. 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರಿಂದ 1990ರ ನಡುವೆ. ಏರೊಗ್ರಾಫ್ ಜೊತೆಗೆ ಡಿವಿಲ್‌ಬಿಸ್ ಎಂಬ ಹೆಸರೂ ಇದ್ದರೆ ಅದು ಆರಂಭದ ಕಾಲದ್ದಲ್ಲ, ಕಂಪನಿಗಳು ಒಂದಾದ ಮೇಲಿನದು. ಅಂದಹಾಗೆ ಡಿವಿಲ್‌ಬಿಸ್ ಹುಟ್ಟಿದ್ದು ಗಂಟಲಿಗೆ ಔಷಧ ಸಿಂಪಡಿಸುವ ಸಾಧನದಿಂದ. ಜುಮ್ಮಾ ಬಜಾರಿನವನ 'ಡಾಕ್ಟರ್ ಸಾಮಾನು' ಪೂರ್ತಿ ಸುಳ್ಳಲ್ಲ.

ಇನ್ನು ಲೋಹ. ಹಿತ್ತಾಳೆಯ ಮೈಗೆ ಹಳೆಯ ಕಾಲದಲ್ಲಿ ನಿಕಲ್ ಲೇಪ ಹಾಕುತ್ತಿದ್ದರು. ಅದರ ಹೊಳಪಿನಲ್ಲಿ ತುಸು ಹಳದಿ ಛಾಯೆ ಇರುತ್ತದೆ. ಕ್ರೋಮ್ ವ್ಯಾಪಾರಕ್ಕೆ ಬಂದದ್ದು 1920ರ ದಶಕದ ನಡುವಿನಲ್ಲಿ, ಅದರ ಹೊಳಪು ನೀಲಿಯತ್ತ ಹೊರಳುತ್ತದೆ. ಎರಡನ್ನೂ ಕಿಟಕಿಯ ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದರೆ ವ್ಯತ್ಯಾಸ ತಿಳಿಯುತ್ತದೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತಿಳಿಯುವುದಿಲ್ಲ. ಮೈ ನಿಕಲ್, ಹಿಡಿಯ ಕೊರಳು ಕ್ರೋಮ್ ಆಗಿದ್ದರೆ ಭಾಗ ಬದಲಾಗಿದೆ. ಕಪ್ಪು ಹಿಡಿಯನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿ: ಗಂಧಕದ ವಾಸನೆ ಬಂದರೆ ಎಬೊನೈಟ್, ಅಂದರೆ ಗಟ್ಟಿ ರಬ್ಬರ್. ಹಳೆಯ ಇಂಕ್ ಪೆನ್ನು ಕೂಡಿಡುವವರಿಗೆ ಈ ವಾಸನೆ ಚಿರಪರಿಚಿತ. ಬಿಸಿಲು ತಾಗಿದ ಎಬೊನೈಟ್ ಕಂದು ಹಸಿರಿಗೆ ತಿರುಗಿರುತ್ತದೆ.

ಪೆಟ್ಟಿಗೆ ಮತ್ತು ಕಾಗದಗಳು ಮೈಗಿಂತ ನಿಖರವಾಗಿ ಹೇಳುವುದುಂಟು. ಲಂಡನ್ ವಿಳಾಸದಲ್ಲಿ ಅಂಚೆ ವಲಯ ಇ.ಸಿ. ಎಂದಷ್ಟೇ ಇಲ್ಲದೆ ಇ.ಸಿ.1 ಎಂದು ಅಂಕಿ ಸೇರಿದ್ದರೆ 1917ರ ನಂತರದ್ದು. ಶಿಕಾಗೊ ಹೆಸರಿನ ಪಕ್ಕ ಬರೀ ಒಂದೆರಡು ಅಂಕಿಯ ಅಂಚೆ ವಲಯ ಇದ್ದರೆ 1943ರಿಂದ 1963ರ ನಡುವೆ, ಐದಂಕಿಯ ಜಿಪ್ ಕೋಡ್ ಇದ್ದರೆ ಅದರ ನಂತರ. ನಮ್ಮ ಕಡೆಯ ಸುಳಿವುಗಳು ಇನ್ನೂ ಸೊಗಸು. ಬಿಲ್ಲಿನಲ್ಲಿ ಆಣೆ ಇದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಮುಂಚಿನದು. ಅಂಗಡಿಯ ಚೀಟಿಯಲ್ಲಿ 'ಬಾಂಬೆ 19' ಎಂದಿದ್ದರೆ ಪಿನ್ ಕೋಡ್ ಜಾರಿಗೆ ಬಂದ 1972ರ ಆಗಸ್ಟ್‌ಗಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಆ 19 ಈಗಿನ ಮಾಟುಂಗಾದ 400019ರಲ್ಲಿ ಹಾಗೆಯೇ ಕೂತಿದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಮೈ ಮೇಲೆ 18,50,000ದ ಆಸುಪಾಸಿನ ಅಮೆರಿಕನ್ ಸಂಖ್ಯೆ, ಅಂದರೆ 1932. ಪೆಟ್ಟಿಗೆಯ ಮೇಲೆ 'ಶಿಕಾಗೊ 14', ಅಂದರೆ 1943ರ ನಂತರ. ಒಳಗಿನ ಬಿಲ್ಲು ರೂಪಾಯಿ, ಆಣೆಯಲ್ಲಿದೆ, ಅಂದರೆ 1957ರ ಒಳಗೆ. ಪೆಟ್ಟಿಗೆ ಈ ಮೈಯದೇ ಆಗಿದ್ದರೆ ವಸ್ತು 1943 ಮತ್ತು 1957ರ ನಡುವಿನದು. ಮಾರುವವನ '1932' ಅಲ್ಲಿಗೆ ಮುಗಿಯಿತು. ಪೆಟ್ಟಿಗೆ ಅದರದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಒಳಗಿನ ಮಖಮಲ್ಲಿನ ಮೇಲೆ ಬಿದ್ದ ಅಚ್ಚನ್ನು ನೋಡಿ. ದಶಕಗಟ್ಟಲೆ ಮಲಗಿದ ಮೈ ತನ್ನ ಆಕಾರವನ್ನು ಅಲ್ಲಿ ಬಿಟ್ಟಿರುತ್ತದೆ. ಬಣ್ಣ ತುಂಬುವ ಬಟ್ಟಲಿನ ಗುಳಿ ಬೇರೆ ಕಡೆ ಇದ್ದರೆ ಜೋಡಿ ಬದಲಾಗಿದೆ. ಚೋರ್ ಬಜಾರಿನಲ್ಲಿ ಏರ್‌ಬ್ರಷ್‌ನ ನಕಲಿ ಮಾಡುವಷ್ಟು ಲಾಭವಿಲ್ಲ, ಮೂರು ಮುರುಕುಗಳಿಂದ ಒಂದು ಇಡಿಯನ್ನು ಜೋಡಿಸುವುದು ಮಾತ್ರ ನಡೆಯುತ್ತದೆ.

ಮನೆಗೆ ತಂದ ಮೇಲೆ

ಪಾಲಿಶ್ ಮುಟ್ಟಬೇಡಿ. ಹಿತ್ತಾಳೆ ದೀಪಕ್ಕೆ ಹಾಕುವ ಪಾಲಿಶ್ ತೆಳುವಾದ ನಿಕಲ್ ಲೇಪವನ್ನೂ ಅಕ್ಷರಗಳ ಅಂಚನ್ನೂ ತಿಂದುಬಿಡುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬೇಡ, ಅದು ಹಿತ್ತಾಳೆಯನ್ನು ಬಿರುಕು ಬಿಡಿಸುತ್ತದೆ. ಹಿಡಿಯನ್ನು ಬೇರ್ಪಡಿಸಿ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು, ಬಿಸಿ ನೀರು ತಾಗಿದರೆ ಎಬೊನೈಟ್ ಬಣ್ಣಗೆಡುತ್ತದೆ. ಲೋಹದ ಭಾಗಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿಟ್ಟು, ಉಳಿದ ಬಣ್ಣಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಒಣ ಬಣ್ಣವನ್ನು ಕೆರೆದು ಊದಬೇಡಿ: ಹಳೆಯ ವರ್ಣದ್ರವ್ಯಗಳಲ್ಲಿ ಸೀಸ, ಕ್ಯಾಡ್ಮಿಯಂ ಇರಬಹುದು. ಕೈಗವಸು ಹಾಕಿಕೊಂಡು ಒದ್ದೆಯಾಗಿಯೇ ತೆಗೆಯಿರಿ.

ಮುಂಬೈ ಮಳೆಗಾಲದಲ್ಲಿ ಮೂಲ ಪೆಟ್ಟಿಗೆಯೇ ಶತ್ರು. ಮಖಮಲ್ಲು ತೇವ ಹೀರಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈಯನ್ನು ಬೇರೆ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ.

ಬಳಸಿ ನೋಡುವ ಆಸೆಯಿದ್ದರೆ ಗಾಳಿಯ ಕೊಳವೆ ಸೇರುವ ಕಡೆಯ ಮರೆ (ತಿರುಪಿನ ಎಳೆ, ಅಂದರೆ ಥ್ರೆಡ್) ಗಮನಿಸಿ. ಜಪಾನಿ ಮಾದರಿಗಳು ಬಹುಮಟ್ಟಿಗೆ ಎಂಟನೇ ಒಂದು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆಯ) ಮರೆಯವು. ಪಾಶೆ, ಬ್ಯಾಜರ್‌ಗಳದ್ದು ಅವರವರದೇ ಅಳತೆ, ಅಡಾಪ್ಟರ್ ಬೇಕು. ಹಳೆಯ ಮೈಯಲ್ಲಿ ಹೊಸ ಮರೆ ಕೊರೆಸುವುದು ಪಾಪದ ಕೆಲಸ. ಮೊದಲು ಬರೀ ನೀರು ಹಾಕಿ, 20 ಪಿಎಸ್‌ಐ ಒತ್ತಡದಲ್ಲಿ ಹಳೆಯ ದಿನಪತ್ರಿಕೆಯ ಮೇಲೆ ಸಿಂಪಡಿಸಿ. ಬಟ್ಟಲಿನಲ್ಲಿ ಗುಳ್ಳೆ ಏಳುತ್ತಿದ್ದರೆ ಗಾಳಿ ನಾಝಲ್‌ನ ಬುಡದಿಂದ ಹಿಂದಕ್ಕೆ ನುಗ್ಗುತ್ತಿದೆ. ಅಲ್ಲಿ ತುಸು ಜೇನುಮೇಣ ಸವರಿ ಬಿಗಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ನಾಝಲ್ ಸೀಳಿದೆ ಎಂದು ತಿಳಿದು ಅದನ್ನು ಕಪಾಟಿಗೆ ಸೇರಿಸಿ.