ಬಾಲ್ ಪೈಥಾನ್ ತರುವ ಮೊದಲು ಹುತ್ತ ಕಟ್ಟಿ

ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಹಾಲೆರೆದು ಬರುವ ನಮಗೆ ಹಾವೆಂದರೆ ಹುತ್ತವೇ ನೆನಪಾಗುವುದು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಾಲ್ ಪೈಥಾನ್‌ಗೂ ಗೆದ್ದಲಹುತ್ತ, ಇಲಿಬಿಲಗಳೇ ಮನೆ. ಅಲ್ಲೂ ಇದಕ್ಕೆ ಪೂಜೆಯುಂಟು. ಬೆನಿನ್ ದೇಶದ ವೀದಾ ಪಟ್ಟಣದಲ್ಲಿ ಗುಡಿಯೇ ಇದೆ. 3ರಿಂದ 5 ಅಡಿ ಬೆಳೆಯುವ, ವಿಷವಿಲ್ಲದ ಪುಟ್ಟ ಹೆಬ್ಬಾವು ಇದು. ಚಿಕ್ಕಬಳ್ಳಾಪುರದ ಗೆಳೆಯನ ಮನೆಯಲ್ಲಿ ಬೆರಳು ಸೋಕಿಸಿದ್ದೇ ತಡ, ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಂಡು ತಟ್ಟೆಗಿಟ್ಟ ರಾಗಿಮುದ್ದೆಯಂತೆ ಕೂತುಬಿಟ್ಟಿತು.

ಮೊದಲು ಕಾಗದಪತ್ರ. ಬಿಲ್ಲು, ದಾಖಲೆ ಕೊಡದವರ ಹತ್ತಿರ ಕೊಳ್ಳಲೇಬೇಡಿ. 2024ರ ನಿಯಮದಂತೆ, ತಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ನಾಡಿನ ಹೆಬ್ಬಾವನ್ನಂತೂ ಸಾಕುವಂತೆಯೇ ಇಲ್ಲ, ಅದು ಅಪರಾಧ.

ಆಮೇಲೆ ಹುತ್ತ. ಗಾಜಿನ ಪೆಟ್ಟಿಗೆಯ ಒಂದು ತುದಿ 31ರಿಂದ 33 ಡಿಗ್ರಿ ಬಿಸಿ, ಇನ್ನೊಂದು ತುದಿ 25ರಿಂದ 27 ಇರಲಿ. ಎರಡೂ ಕಡೆ ಮೈ ತಾಗುವಷ್ಟು ಇಕ್ಕಟ್ಟಾದ ಅಡಗುತಾಣ ಬೇಕು. ಒಂದೇ ಇಟ್ಟರೆ ಹೆದರಿದ ಹಾವು ಬಿಸಿಯೋ ತಂಪೋ ನೋಡದೆ ಅಲ್ಲೇ ಬಿದ್ದಿರುತ್ತದೆ. ನಂದಿಬೆಟ್ಟದ ಕಡೆಯ ಡಿಸೆಂಬರ್ ಚಳಿಗೆ ಪೆಟ್ಟಿಗೆಯಡಿ ಹಾಸುವ ಕರೆಂಟಿನ ಹೀಟ್ ಮ್ಯಾಟ್ ಬೇಕೇ ಬೇಕು. ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಮಾತ್ರ ಬೇಡ, ಹೊಟ್ಟೆ ಸುಟ್ಟೀತು. ನೀರಿನ ಬಟ್ಟಲು ಸದಾ ತುಂಬಿರಲಿ. ಬೇಸಿಗೆಯ ಒಣಗಾಳಿಗೆ ಪೊರೆ ತುಂಡುತುಂಡಾಗಿ ಕಳಚತೊಡಗಿದರೆ ತೇವ ಸಾಲದೆಂದು ತಿಳಿಯಿರಿ.

ಊಟಕ್ಕೆ ಹಾವಿನ ನಡುವಿನಷ್ಟೇ ದಪ್ಪದ, ಸತ್ತ ಇಲಿ. ಜೀವಂತ ಇಲಿ ಹಾವನ್ನೇ ಕಚ್ಚೀತು. ದೊಡ್ಡ ಹಾವಿಗೆ ಎರಡು ವಾರಕ್ಕೊಂದು ಸಾಕು. ತಿಂದ ಎರಡು ದಿನ ಮುಟ್ಟಬೇಡಿ, ಕಕ್ಕಿಬಿಡುತ್ತದೆ. ತಿಂಗಳುಗಟ್ಟಲೆ ಉಪವಾಸ ಕೂರುವುದು ಇದರ ಹುಟ್ಟುಗುಣ. ತೂಕ ಇಳಿಯುತ್ತಿದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಿ.

ಆಯಸ್ಸು 20ರಿಂದ 30 ವರ್ಷ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಹೆಣ್ಣೊಂದು 2020ರಲ್ಲಿ, ಗಂಡಿನ ಜೊತೆಯಿಲ್ಲದೆ 7 ಮೊಟ್ಟೆ ಇಟ್ಟಿತು! ಮಗ ಹಟ ಹಿಡಿದನೆಂದು ತಂದರೆ, ಅವನು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೂ ಹಾವು ನಿಮ್ಮನೆಯಲ್ಲೇ. ಸಾಕಾಯಿತೆಂದು ಬೆಟ್ಟಕ್ಕೆ ಬಿಟ್ಟು ಬರುವಂತಿಲ್ಲ.

ಇನ್ನು ಹೊಲದಲ್ಲಿ ಕಂಡ ಹಾವು. ಹೆಬ್ಬಾವಿನ ಮರಿಯೆಂದು ಕೈಹಾಕಿದ್ದು ಕೊಳಕುಮಂಡಲವಾಗಿರಬಹುದು. ಬೆನ್ನುದ್ದಕ್ಕೂ ಸರಪಳಿಯಂಥ ಮಚ್ಚೆ, ಕುಕ್ಕರ್ ಸೀಟಿಯಂತೆ ಬುಸ್ಸೆನ್ನುವ ಸದ್ದು ಅದರದು. ದೂರ ಸರಿದು ಅರಣ್ಯ ಇಲಾಖೆಗೆ ಫೋನ್ ಮಾಡಿ.